ಗುಟ್ಟು ಗೊತ್ತಿದ್ದರೂ ಜೆಕಿಲ್ ಮತ್ತು ಹೈಡ್ ಯಾಕೆ ಓದಬೇಕು, ಹೇಗೆ ಓದಬೇಕು

ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಇಬ್ಬರಲ್ಲ, ಒಬ್ಬನೇ. ಈ ಪುಸ್ತಕವನ್ನು ಮುಟ್ಟಿ ನೋಡದವರಿಗೂ ಇಷ್ಟು ಗೊತ್ತಿರುತ್ತದೆ. ಹೊರಗೆ ಮರ್ಯಾದಸ್ಥ, ಒಳಗೆ ರಾಕ್ಷಸ ಅನ್ನುವಂಥವರ ಬಗ್ಗೆ ಮಾತು ಬಂದರೆ ಜನ ಈ ಹೆಸರುಗಳನ್ನೇ ಹೇಳುತ್ತಾರೆ. ಆದರೆ 1886ರ ಜನವರಿಯಲ್ಲಿ ಒಂದು ಶಿಲಿಂಗ್ ಕೊಟ್ಟು ಇದನ್ನು ಕೊಂಡ ಲಂಡನ್ನಿನ ಓದುಗರಿಗೆ ಆ ಸಂಗತಿ ಗೊತ್ತಿರಲಿಲ್ಲ. ಹತ್ತು ಅಧ್ಯಾಯಗಳ ಪುಸ್ತಕದಲ್ಲಿ ಅವರಿಗೆ ವಿಷಯ ಖಚಿತವಾಗಿ ತಿಳಿದದ್ದು ಒಂಬತ್ತನೆಯ ಅಧ್ಯಾಯದ ಕೊನೆಗೆ. ಅಲ್ಲಿಯವರೆಗೆ ಇಬ್ಬರು ಬೇರೆ ಬೇರೆ ಮನುಷ್ಯರ ಕಥೆ ಓದುತ್ತಿದ್ದೇವೆ ಅಂದುಕೊಂಡಿದ್ದರು.

ನಮಗೆ ಆ ಅಚ್ಚರಿ ಸಿಗುವುದಿಲ್ಲ. ಹಾಗಾದರೆ ಓದುವುದಕ್ಕೆ ಉಳಿದಿರುವುದೇನು? ಉಳಿದಿರುವುದೇ ಜಾಸ್ತಿ ಅಂತ ನಾನು ನಂಬುತ್ತೇನೆ. ಗುಟ್ಟು ಏನು ಅನ್ನುವುದನ್ನು ಬಿಟ್ಟು, ಅದನ್ನು ಯಾರು ಯಾರಿಂದ ಹೇಗೆ ಮುಚ್ಚಿಟ್ಟರು ಅಂತ ನೋಡುತ್ತಾ ಹೋದರೆ ಈ ಪುಟ್ಟ ಪುಸ್ತಕ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಪರೀಕ್ಷೆಗೆ ಕೂರುವ ಹದಿನೈದು, ಹದಿನಾರು ವರ್ಷದ ಬಹಳಷ್ಟು ಮಕ್ಕಳು ಇದನ್ನು ಪಠ್ಯವಾಗಿ ಓದುತ್ತಾರೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳೂ ಅವರಲ್ಲಿ ಇದ್ದಾರೆ. ಪರೀಕ್ಷೆಯಲ್ಲಿ ಕೇಳುವುದರಲ್ಲಿ ಈ ಮೂರು ವಿಷಯವೂ ಇರುತ್ತವೆ: ಭಾಷೆ, ರೂಪ, ರಚನೆ. ಭಾಷೆ ಅಂದರೆ ಲೇಖಕ ಆರಿಸಿದ ಪದ, ವಾಕ್ಯದ ಓಟ, ಹೋಲಿಕೆ, ಬಣ್ಣ, ಸದ್ದು. ರೂಪ ಅಂದರೆ ಇದು ಯಾವ ಬಗೆಯ ಬರವಣಿಗೆ ಅನ್ನುವುದು. ಕಿರು ಕಾದಂಬರಿಯೋ, ಪತ್ತೇದಾರಿ ಕಥೆಯೋ, ಪತ್ರವೋ, ತಪ್ಪೊಪ್ಪಿಗೆಯೋ? ರಚನೆ ಅಂದರೆ ಯಾವುದು ಮೊದಲು, ಯಾವುದು ಆಮೇಲೆ, ಓದುಗನಿಗೆ ಯಾವಾಗ ಎಷ್ಟು ಗೊತ್ತಾಗುತ್ತದೆ ಅನ್ನುವುದು.

ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟರೆ ಓದು ಅಲ್ಲೇ ನಿಂತುಬಿಡುತ್ತದೆ. 'ಇಲ್ಲಿ ಉಪಮೆ ಇದೆ' ಅಂತ ಬರೆದು ಮುಂದಿನ ಸಾಲಿಗೆ ಹೋಗುವ ಉತ್ತರಗಳು ಹುಟ್ಟುವುದೇ ಹೀಗೆ. ಈ ಪುಸ್ತಕದಲ್ಲಂತೂ ಮೂರೂ ಸೇರಿ ಒಂದೇ ಕೆಲಸ ಮಾಡುತ್ತವೆ. ಅವು ಮುಚ್ಚಿಡುತ್ತವೆ. ಏನೋ ಇದೆ ಅಂತ ತೋರಿಸುತ್ತಲೇ ಅದು ಏನು ಅಂತ ಹೇಳದೆ ಇರುತ್ತವೆ. ಪದವೊಂದನ್ನು ನೋಡಿದರೂ, ಅಧ್ಯಾಯದ ಕೊನೆಯನ್ನು ನೋಡಿದರೂ, ಲಕೋಟೆಯ ಮೇಲಿನ ಸೀಲನ್ನು ನೋಡಿದರೂ ಇದೇ ಕಾಣುತ್ತದೆ.

ಒಂದು ಶಿಲಿಂಗಿನ ಭಯ

ರಾಬರ್ಟ್ ಲೂಯಿ ಸ್ಟೀವನ್ಸನ್ ಹುಟ್ಟಿದ್ದು 1850ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. 1885ರಲ್ಲಿ ಈ ಕಥೆ ಬರೆದಾಗ ಅವರು ಇಂಗ್ಲೆಂಡಿನ ದಕ್ಷಿಣ ತೀರದ ಬೋರ್ನ್‌ಮತ್‌ನಲ್ಲಿದ್ದರು. ಆರೋಗ್ಯ ತುಂಬಾ ಕೆಟ್ಟಿತ್ತು. ಕಥೆಯ ಕೆಲವು ದೃಶ್ಯಗಳು ಕನಸಿನಲ್ಲಿ ಬಂದವು ಅಂತ ಅವರೇ ಬರೆದಿದ್ದಾರೆ. ನಿದ್ದೆಯಲ್ಲಿ ಕೂಗಿಕೊಂಡ ಗಂಡನನ್ನು ಹೆಂಡತಿ ಫ್ಯಾನಿ ಎಬ್ಬಿಸಿದರಂತೆ. ಒಳ್ಳೇ ದೆವ್ವದ ಕಥೆ ಕಾಣುತ್ತಿದ್ದೆ, ಯಾಕೆ ಎಬ್ಬಿಸಿದೆ ಅಂತ ಅವರು ಕೇಳಿದರಂತೆ. ಮೊದಲ ಪ್ರತಿಯನ್ನು ಸುಟ್ಟುಹಾಕಿ ಮತ್ತೆ ಬರೆದರು ಅಂತಲೂ ಮನೆಯವರು ಹೇಳಿದ್ದುಂಟು.

ಇನ್ನೊಂದು ಎಳೆಯನ್ನೂ ಇಲ್ಲಿ ಹೇಳಬೇಕು. ಅವರು ಬೆಳೆದ ಮನೆಯಲ್ಲಿ ಡೀಕನ್ ಬ್ರೋಡಿ ಎಂಬಾತ ಮಾಡಿದ ಬೀರು ಇತ್ತು. ಬ್ರೋಡಿ ಹದಿನೆಂಟನೆಯ ಶತಮಾನದ ಎಡಿನ್‌ಬರೋದವನು. ಹಗಲಲ್ಲಿ ಹೆಸರುವಾಸಿ ಬಡಗಿ, ಊರಿನ ದೊಡ್ಡ ಮನುಷ್ಯ. ರಾತ್ರಿ ಕಳ್ಳ. 1788ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಸ್ಟೀವನ್ಸನ್ ಗೆಳೆಯರೊಬ್ಬರ ಜೊತೆ ಸೇರಿ ಅವನ ಮೇಲೆ ನಾಟಕವನ್ನೂ ಬರೆದಿದ್ದರು. ಎರಡು ಬದುಕಿನ ಮನುಷ್ಯ ಅವರ ತಲೆಯಲ್ಲಿ ತುಂಬಾ ಕಾಲದಿಂದ ಇದ್ದ.

ಪುಸ್ತಕವನ್ನು ಲಾಂಗ್‌ಮನ್ಸ್ ಪ್ರಕಾಶನ 1885ರ ಕ್ರಿಸ್‌ಮಸ್‌ಗೆ ತರಬೇಕೆಂದಿತ್ತು. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಅಂದರೆ ಬೆಚ್ಚಗೆ ಬೆಂಕಿಯ ಮುಂದೆ ಕೂತು ದೆವ್ವದ ಕಥೆ ಓದುವ ಕಾಲ. ಅಂಗಡಿಗಳಲ್ಲಿ ಅಂಥ ಪುಸ್ತಕ ಆಗಲೇ ತುಂಬಿದ್ದರಿಂದ ಬಿಡುಗಡೆ ಜನವರಿಗೆ ಹೋಯಿತು. ಕಾಗದದ ರಟ್ಟು, ಬೆಲೆ ಒಂದು ಶಿಲಿಂಗ್. ಬ್ರಿಟನ್ನಿನಲ್ಲಿ ಆರು ತಿಂಗಳಲ್ಲಿ ಸುಮಾರು 40 ಸಾವಿರ ಪ್ರತಿ ಖರ್ಚಾದವು.

ಈ ವಿವರ ಸುಮ್ನೆ ಹೇಳಿದ್ದಲ್ಲ. ರೂಪದ ಮಾತು ಶುರುವಾಗುವುದೇ ಇಲ್ಲಿಂದ. ಆ ಕಾಲದಲ್ಲಿ ಗಂಭೀರ ಕಾದಂಬರಿ ಅಂದರೆ ಸಾಮಾನ್ಯವಾಗಿ ಮೂರು ಸಂಪುಟ. ಅದರಲ್ಲಿ ಮದುವೆ, ಆಸ್ತಿ, ಬಾಲ್ಯ, ಉಪಕಥೆ ಎಲ್ಲಾ ಇರುತ್ತಿತ್ತು. ಇದರಲ್ಲಿ ಯಾವುದೂ ಇಲ್ಲ. ಒಂದೇ ಕೂತಲ್ಲಿ ಓದಿ ಮುಗಿಸಬಹುದು. ಹೆಂಗಸರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇರುವವರೆಲ್ಲ ನಡುವಯಸ್ಸಿನ ಒಂಟಿ ಗಂಡಸರು: ವಕೀಲ, ಡಾಕ್ಟರು, ಇನ್ನೊಬ್ಬ ಡಾಕ್ಟರು. ಒಬ್ಬರ ಮನೆಗೆ ಒಬ್ಬರು ಊಟಕ್ಕೆ ಹೋಗುತ್ತಾರೆ, ವೈನ್ ಕುಡಿಯುತ್ತಾರೆ, ಮನಸ್ಸಿನಲ್ಲಿರುವುದನ್ನು ಹೇಳದೆ ಎದ್ದು ಬರುತ್ತಾರೆ. ಕಥೆ ಚಿಕ್ಕದಾಗಿರುವುದಕ್ಕೂ ಇವರ ಮಾತು ಚಿಕ್ಕದಾಗಿರುವುದಕ್ಕೂ ಸಂಬಂಧವಿದೆ.

ಗಾಥಿಕ್ ಕಾದಂಬರಿ ಅನ್ನುವ ಬಗೆ ಶುರುವಾದದ್ದು 1764ರಲ್ಲಿ, ಹೊರೇಸ್ ವಾಲ್ಪೋಲ್ ಬರೆದ ಒಂದು ಕೋಟೆಯ ಕಥೆಯಿಂದ. ಆಮೇಲೆ ಬಂದವುಗಳಲ್ಲೂ ದೂರದ ದೇಶ, ಹಳೇ ಕಾಲ, ಪಾಳುಬಿದ್ದ ಕೋಟೆ, ನೆಲಮಾಳಿಗೆ, ಬೆನ್ನಟ್ಟುವ ಪಾಪ ಇವೇ ಮತ್ತೆ ಮತ್ತೆ ಬರುತ್ತವೆ. ಸ್ಟೀವನ್ಸನ್ ಕೋಟೆಯನ್ನು ಬಿಟ್ಟರು. ಭಯವನ್ನು ಓದುಗರ ಊರಿಗೇ, ಅವರ ಕಾಲಕ್ಕೇ, ಒಬ್ಬ ಒಳ್ಳೆಯ ಡಾಕ್ಟರ ಮನೆಗೇ ತಂದರು. ಆ ಮನೆಗೆ ಮುಂದೆ ಚೌಕದ ಕಡೆ ಅಂದವಾದ ಬಾಗಿಲಿದೆ, ಒಳಗೆ ಬೆಂಕಿ ಉರಿಯುವ ಬೆಚ್ಚಗಿನ ಹಜಾರವಿದೆ. ಹಿಂದೆ ಬೇರೆ ಬೀದಿಗೆ ತೆರೆಯುವ ಇನ್ನೊಂದು ಬಾಗಿಲಿದೆ. ಅದಕ್ಕೆ ಗಂಟೆ ಇಲ್ಲ, ತಟ್ಟುವ ಬಳೆ ಇಲ್ಲ. ಬಣ್ಣ ಗುಳ್ಳೆ ಎದ್ದು ಕಲೆಯಾಗಿದೆ. ಅಲೆಮಾರಿಗಳು ಅದರ ಹಲಗೆಗೆ ಬೆಂಕಿಕಡ್ಡಿ ಗೀರುತ್ತಾರೆ. ಮೊದಲ ಅಧ್ಯಾಯದ ಹೆಸರೇ ಬಾಗಿಲಿನ ಕಥೆ. ನಾವು ಜೆಕಿಲ್ ಮನೆಯನ್ನು ಮೊದಲು ನೋಡುವುದು ಹಿಂಬಾಗಿಲಿನ ಕಡೆಯಿಂದ, ಅದು ಯಾರ ಮನೆ ಅಂತ ಗೊತ್ತಿಲ್ಲದೆ.

ಕೇಳಬಾರದು ಅಂತ ಕೈ ಕುಲುಕಿದವರು

ಕಥೆ ಹೇಳುವುದಕ್ಕೆ ಜೆಕಿಲ್‌ನನ್ನೇ ಬಿಡಬಹುದಿತ್ತು. ಪೊಲೀಸರನ್ನು ಬಿಡಬಹುದಿತ್ತು. ಸ್ಟೀವನ್ಸನ್ ಆರಿಸಿದ್ದು ಅಟರ್ಸನ್ ಎಂಬ ವಕೀಲನನ್ನು. ಮೊದಲ ಎಂಟು ಅಧ್ಯಾಯಗಳಲ್ಲಿ ನಿರೂಪಕ ಬೇರೆ ಯಾರೋ ಆದರೂ, ಹೆಚ್ಚುಕಡಿಮೆ ಅಟರ್ಸನ್ ಕಂಡದ್ದು, ಕೇಳಿದ್ದು, ಅಂದುಕೊಂಡದ್ದು ಇಷ್ಟೇ ನಮಗೆ ಸಿಗುತ್ತದೆ.

ಪುಸ್ತಕದ ಮೊದಲ ವಾಕ್ಯವೇ ಅವನ ಮೇಲೆ. ನಗು ಎಂದೂ ಬೆಳಗದ ಒರಟು ಮುಖ, ತಣ್ಣನೆಯ ಕೊಂಚ ಮಾತು, ಉದ್ದ, ಸಣಕಲು, ಧೂಳು ಹಿಡಿದಂಥ, ಬೇಸರ ಹುಟ್ಟಿಸುವ ಮನುಷ್ಯ, ಆದರೂ ಹೇಗೋ ಇಷ್ಟವಾಗುವವನು. ವಿಶೇಷಣಗಳು ಒಂದರ ಹಿಂದೆ ಒಂದು ಮುಖ ತಿರುಗಿಸಿಕೊಂಡು ಬರುತ್ತವೆ. ಕೊನೆಯಲ್ಲಿ ಮಾತ್ರ ವಾಕ್ಯ ಮೆತ್ತಗಾಗುತ್ತದೆ. ಅವನಿಗೆ ಒಳ್ಳೆಯ ವೈನ್ ಇಷ್ಟ, ಆದರೆ ಒಬ್ಬನೇ ಇದ್ದಾಗ ಆಸೆಯನ್ನು ಅದುಮಲು ಜಿನ್ ಕುಡಿಯುತ್ತಾನೆ. ನಾಟಕ ಇಷ್ಟ, ಇಪ್ಪತ್ತು ವರ್ಷದಿಂದ ಒಂದು ಥಿಯೇಟರಿನ ಬಾಗಿಲೂ ದಾಟಿಲ್ಲ. ಅಂದರೆ ಎರಡು ಬದುಕಿನ ಮಾತು ಜೆಕಿಲ್ ಬರುವ ಮೊದಲೇ ಶುರುವಾಗಿದೆ. ಅಟರ್ಸನ್ ಒಳಗೂ ಬೀಗ ಹಾಕಿದ ಒಂದು ಕೋಣೆ ಇದೆ. ವ್ಯತ್ಯಾಸ ಏನೆಂದರೆ, ಅವನು ಆ ಬೀಗದ ಜೊತೆ ಬಾಳುವುದನ್ನು ಕಲಿತಿದ್ದಾನೆ.

ಭಾನುವಾರದ ನಡಿಗೆಯಲ್ಲಿ ಅವನ ದೂರದ ಸಂಬಂಧಿ ಎನ್‌ಫೀಲ್ಡ್ ಆ ಹಿಂಬಾಗಿಲನ್ನು ತೋರಿಸಿ ಒಂದು ಘಟನೆ ಹೇಳುತ್ತಾನೆ. ಅದನ್ನು ಮುಂದೆ ನೋಡೋಣ. ಈಗ ಆ ಅಧ್ಯಾಯದ ಕೊನೆಯನ್ನು ಮಾತ್ರ ಗಮನಿಸಿ. ಹಣದ ವ್ಯವಹಾರದ ಹಿಂದೆ ಯಾರದೋ ಹಳೇ ತಪ್ಪು ಇರಬೇಕು, ಯಾರೋ ಬ್ಲ್ಯಾಕ್‌ಮೇಲ್ ಮಾಡುತ್ತಿರಬೇಕು ಅಂತ ಎನ್‌ಫೀಲ್ಡ್‌ಗೆ ಅನುಮಾನ. ಆದರೂ ಅವನು ಯಾರನ್ನೂ ಕೇಳಿಲ್ಲ. ಪ್ರಶ್ನೆ ಕೇಳುವುದೆಂದರೆ ಬೆಟ್ಟದ ತುದಿಯಿಂದ ಕಲ್ಲು ಉರುಳಿಸಿದ ಹಾಗೆ, ಅದು ಇನ್ನಷ್ಟು ಕಲ್ಲುಗಳನ್ನು ಎಬ್ಬಿಸಿಕೊಂಡು ಹೋಗಿ ಯಾವನೋ ಪಾಪದವನ ತಲೆಯ ಮೇಲೆ ಬೀಳುತ್ತದೆ ಅನ್ನುತ್ತಾನೆ. ಇನ್ನು ಈ ವಿಷಯ ಎತ್ತುವುದೇ ಬೇಡ ಅಂತ ಇಬ್ಬರೂ ಕೈ ಕುಲುಕುತ್ತಾರೆ.

ಪತ್ತೇದಾರಿ ಕಥೆಯ ಮೊದಲ ಅಧ್ಯಾಯ ಹೀಗೆ ಮುಗಿಯುತ್ತದೆ ಅಂದರೆ ಸ್ವಲ್ಪ ನಿಂತು ಯೋಚಿಸಬೇಕು ಅಲ್ವಾ? ಕೇಳಬೇಕಾದವರೇ ಕೇಳುವುದಿಲ್ಲ ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ. ಬ್ಲ್ಯಾಕ್‌ಮೇಲ್ ಅನ್ನುವ ಊಹೆಗೂ ಆಗ ತುಂಬಾ ತೂಕ ಇತ್ತು. ಗಂಡಸರ ನಡುವಿನ ಸಲಿಂಗ ಸಂಬಂಧವನ್ನು ಇನ್ನಷ್ಟು ವ್ಯಾಪಕವಾಗಿ ಶಿಕ್ಷಿಸುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1885ರಲ್ಲೇ. ಬ್ಲ್ಯಾಕ್‌ಮೇಲ್ ಮಾಡುವವರಿಗೆ ಅದು ವರವಾಯಿತು ಅಂತ ಜನ ಹೇಳುತ್ತಿದ್ದರು. ಮದುವೆಯಾಗದ ಶ್ರೀಮಂತ ಡಾಕ್ಟರು, ಅವನ ಮನೆಗೆ ಹಿಂಬಾಗಿಲಿಂದ ಬರುವ ಒಬ್ಬ ಯುವಕ, ಆ ಯುವಕನಿಗೇ ಎಲ್ಲ ಆಸ್ತಿ ಸೇರಬೇಕು ಅನ್ನುವ ಉಯಿಲು: ಅಟರ್ಸನ್ ಬಾಯಿಬಿಟ್ಟು ಹೇಳದ ಹೆದರಿಕೆ ಯಾವುದಿರಬಹುದು ಅಂತ ಆ ಕಾಲದ ಓದುಗರಿಗೆ ಹೊಳೆದಿರಲು ಸಾಕು. ಊಹೆ ತಪ್ಪು. ಆದರೆ ಆ ತಪ್ಪು ಊಹೆಯೇ ಎಂಟು ಅಧ್ಯಾಯಗಳ ಕಥೆಯನ್ನು ನಡೆಸುತ್ತದೆ.

ಹೈಡ್ ಮುಖ ಹೇಗಿತ್ತು?

ಭಾಷೆಯ ವಿಷಯದಲ್ಲಿ ಈ ಪುಸ್ತಕದ ಅತಿ ದೊಡ್ಡ ಸಾಹಸ ಇದು: ಮುಖ್ಯ ಪಾತ್ರದ ಮುಖವನ್ನು ವರ್ಣಿಸದೆ ಇರುವುದು. ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳು ಮುಖವನ್ನು ಹುಬ್ಬು, ಮೂಗು, ಗಲ್ಲ ಬಿಡದೆ ವರ್ಣಿಸುತ್ತವೆ. ಇಲ್ಲಿ ಎನ್‌ಫೀಲ್ಡ್‌ನನ್ನು ಕೇಳಿದರೆ ಅವನು ತಡವರಿಸುತ್ತಾನೆ. ಅವನ ರೂಪದಲ್ಲಿ ಏನೋ ಸರಿಯಿಲ್ಲ, ಏನೋ ಹಿಡಿಸದ್ದು, ಏನೋ ಅಸಹ್ಯವಾದದ್ದು ಇದೆ ಅನ್ನುತ್ತಾನೆ. ಎಲ್ಲೋ ಅಂಗವಿಕಾರ ಇರಬೇಕು, ಎಲ್ಲಿ ಅಂತ ತೋರಿಸಲಾರೆ ಅನ್ನುತ್ತಾನೆ. ಮರೆತದ್ದರಿಂದ ಅಲ್ಲ, ಈಗಲೂ ಅವನು ನನ್ನ ಕಣ್ಣ ಮುಂದೆ ಇದ್ದಾನೆ ಅಂತಲೂ ಸೇರಿಸುತ್ತಾನೆ.

ಆ 'ಏನೋ' ಎಷ್ಟು ಸಲ ಬರುತ್ತದೆ ನೋಡಿ. ಕಣ್ಣಿಗೆ ಕಾಣುತ್ತಿದೆ, ಬಾಯಿಗೆ ಬರುತ್ತಿಲ್ಲ. ಅದೇ ಹೊತ್ತಿಗೆ ಓದುಗನ ತಲೆ ಕೆಲಸ ಶುರುಮಾಡುತ್ತದೆ. ಖಾಲಿ ಬಿಟ್ಟ ಮುಖವನ್ನು ನಾವೇ ತುಂಬುತ್ತೇವೆ, ನಮಗೆ ಯಾವುದು ಹೆದರಿಕೆಯೋ ಅದರಿಂದ. ಮುಂದಿನ ಅಧ್ಯಾಯದಲ್ಲಿ ಅಟರ್ಸನ್ ಕನಸು ಕಾಣುತ್ತಾನೆ. ಆ ಕನಸಿನ ಆಕೃತಿಗೆ ಮುಖವೇ ಇಲ್ಲ.

ಹೈಡ್‌ನನ್ನು ಕಂಡವರು ಆಡುವ ಮಾತುಗಳನ್ನು ಒಟ್ಟಿಗೆ ಇಟ್ಟರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಅಟರ್ಸನ್‌ಗೆ ಅವನು ಗುಹೆಯ ಕಾಲದ ಮನುಷ್ಯನಂತೆ ಕಾಣುತ್ತಾನೆ, ಮುಖದ ಮೇಲೆ ಸೈತಾನನ ಸಹಿ ಇದ್ದಂತೆಯೂ ಕಾಣುತ್ತದೆ. ಅವನು ಸರ್ ಡ್ಯಾನ್ವರ್ಸ್ ಕ್ಯಾರ್ಯೂ ಎಂಬ ಮುದುಕನನ್ನು ಕೊಲ್ಲುವ ದೃಶ್ಯದಲ್ಲಿ ಅವನ ಕೋಪ ವಾನರನ ಕೋಪ. ಜೆಕಿಲ್ ಮನೆಯ ಬಟ್ಲರ್ ಪೂಲ್‌ಗೆ ಅವನು ಕೋತಿಯಂತೆ ಹಾರಿದ ಮುಸುಕಿನ 'ವಸ್ತು'. ಡಾರ್ವಿನ್ ಮನುಷ್ಯನ ಮೂಲದ ಬಗ್ಗೆ ಬರೆದ ಪುಸ್ತಕ ಬಂದು ಆಗ ಹದಿನೈದು ವರ್ಷ ಆಗಿತ್ತಷ್ಟೇ. ಮನುಷ್ಯ ಹಿಂದಕ್ಕೆ ಜಾರಿ ಪ್ರಾಣಿಯಾಗಬಹುದು ಅನ್ನುವ ಭಯ ಹೊಸದು. ಸೈತಾನನ ಭಯ ಹಳೆಯದು. ಭಾಷೆ ಎರಡನ್ನೂ ಒಂದೇ ದೇಹದ ಮೇಲೆ ಹೇರುತ್ತದೆ. ಹೈಡ್ ಹೇಗಿದ್ದ ಅನ್ನುವುದು ಕೊನೆಗೂ ನಮಗೆ ಪೂರ್ತಿ ಗೊತ್ತಾಗುವುದಿಲ್ಲ. ನೋಡಿದವರು ಯಾವುದಕ್ಕೆ ಹೆದರುತ್ತಿದ್ದರು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ.

ಮಂಜಿನ ಕೆಲಸವೂ ಇದೇ. ಕೊಲೆಯ ಮರುದಿನ ಬೆಳಗ್ಗೆ ಒಂಬತ್ತು ಗಂಟೆಗೆ ಅಟರ್ಸನ್ ಪೊಲೀಸರ ಜೊತೆ ಹೈಡ್ ವಾಸವಿದ್ದ ಸೋಹೋ ಕಡೆ ಗಾಡಿಯಲ್ಲಿ ಹೋಗುತ್ತಾನೆ. ಆಕಾಶದಿಂದ ಚಾಕೊಲೇಟ್ ಬಣ್ಣದ ಹೊದಿಕೆ ಇಳಿಬಿದ್ದಿದೆ. ಒಂದು ಕಡೆ ಸಂಜೆಗತ್ತಲು, ಒಂದು ಕಡೆ ಬೆಂಕಿ ಹೊತ್ತಿದಂಥ ಕಂದು, ನಡುವೆ ಒಂದು ಕ್ಷಣ ಬಿಳುಚಿದ ಬೆಳಕು. ದುಃಸ್ವಪ್ನದ ಯಾವುದೋ ಊರಿನ ಬೀದಿಯಂತೆ ಅವನಿಗೆ ಕಾಣುತ್ತದೆ. ಮುಂದಿನ ಅಧ್ಯಾಯದಲ್ಲಿ ಮಂಜು ಮನೆಯ ಒಳಗೇ ಬಂದು ಕೂರುತ್ತದೆ.

ಒಂದು ಘಟನೆ, ಎರಡು ಕಡೆಯಿಂದ

ಈಗ ಎನ್‌ಫೀಲ್ಡ್ ಹೇಳಿದ ಘಟನೆಗೆ ಬರೋಣ. ಭಾಷೆ, ರೂಪ, ರಚನೆ ಮೂರನ್ನೂ ಒಟ್ಟಿಗೆ ಓದುವುದು ಹೇಗೆ ಅಂತ ಇದರಲ್ಲಿ ಚೆನ್ನಾಗಿ ತೋರಿಸಬಹುದು.

ಚಳಿಗಾಲದ ಕತ್ತಲ ಮುಂಜಾವ ಮೂರು ಗಂಟೆ. ಖಾಲಿ ಬೀದಿ. ಒಂದು ಕಡೆಯಿಂದ ಕುಳ್ಳ ಮನುಷ್ಯನೊಬ್ಬ ಬಿರುಸಾಗಿ ಬರುತ್ತಿದ್ದಾನೆ. ಇನ್ನೊಂದು ಕಡೆಯಿಂದ ಎಂಟೋ ಹತ್ತೋ ವರ್ಷದ ಹುಡುಗಿ ಓಡಿ ಬರುತ್ತಿದ್ದಾಳೆ. ಮೂಲೆಯಲ್ಲಿ ಡಿಕ್ಕಿ. ಆಮೇಲೆ ಆ ಮನುಷ್ಯ ಮಗುವಿನ ಮೈಯನ್ನು ಶಾಂತವಾಗಿ ತುಳಿದುಕೊಂಡು, ಅವಳು ನೆಲದ ಮೇಲೆ ಚೀರುತ್ತಿರುವಂತೆಯೇ ಮುಂದೆ ಹೋಗುತ್ತಾನೆ.

ತುಳಿಯುವುದು ಕ್ರೂರ ಕ್ರಿಯೆ. ಅದರ ಪಕ್ಕ 'ಶಾಂತವಾಗಿ' ಅನ್ನುವ ಪದ ಬಂದಾಗ ಮೈ ನಡುಗುತ್ತದೆ. ಕೋಪದಿಂದ ತುಳಿದಿದ್ದರೆ ನಮಗೆ ಅರ್ಥವಾಗುತ್ತಿತ್ತು. ಇಲ್ಲಿ ಕೋಪವೂ ಇಲ್ಲ, ಕಾರಣವೂ ಇಲ್ಲ. ಮುಂದೆಯೇ ಎನ್‌ಫೀಲ್ಡ್ ಅವನನ್ನು ಜಗ್ಗರ್‌ನಾಟ್‌ಗೆ ಹೋಲಿಸುತ್ತಾನೆ. ಅದು ನಮ್ಮ ಪುರಿಯ ಜಗನ್ನಾಥನೇ. ರಥದ ಚಕ್ರದಡಿ ಭಕ್ತರು ಬೀಳುತ್ತಾರೆ ಅಂತ ಯೂರೋಪಿನ ಪ್ರವಾಸಿಗಳು ಹೇಳಿದ ಕಥೆಗಳಿಂದ ಇಂಗ್ಲಿಷಿನಲ್ಲಿ ಆ ಹೆಸರು ಎಲ್ಲವನ್ನೂ ಅರೆದುಕೊಂಡು ಹೋಗುವ ಶಕ್ತಿಯ ಹೆಸರಾಯಿತು. ರಥ ಎಳೆಯುವ ಸಂಭ್ರಮ ಕಂಡ ನಮಗೆ ಆ ಹೋಲಿಕೆ ಚುಚ್ಚುತ್ತದೆ, ಚುಚ್ಚಲೇಬೇಕು. ಲಂಡನ್ನಿನ ಗೃಹಸ್ಥನಿಗೆ ತನ್ನ ಬೀದಿಯಲ್ಲಿ ಕಂಡ ಕ್ರೌರ್ಯಕ್ಕೆ ತನ್ನ ಊರಿನ ಹೆಸರು ಸಿಗಲಿಲ್ಲ, ದೂರದ ವಸಾಹತಿನಿಂದ ತಂದ. ಆ ಕ್ರೌರ್ಯ ಅವನ ಬಂಧುವಿನ ಗೆಳೆಯನಾದ ಡಾಕ್ಟರನದೇ ಆಗಿತ್ತು.

ರೂಪದ ಪ್ರಶ್ನೆ ಕೇಳಿ. ಇದು ನೇರವಾಗಿ ನಡೆದ ದೃಶ್ಯ ಅಲ್ಲ, ನಡೆಯುತ್ತಾ ಹೇಳಿದ ಕಥೆ. ಕೇಳುತ್ತಿರುವವನು ವಕೀಲ. ಹೇಳುವವನು ಎಚ್ಚರವಾಗಿದ್ದಾನೆ. ಹುಡುಗಿಯ ಮನೆಯವರಿಗೆ ಪರಿಹಾರ ಅಂತ 100 ಪೌಂಡ್ ಗೊತ್ತಾಯಿತು. ಹೈಡ್ ಆ ಹಿಂಬಾಗಿಲಿಂದ ಒಳಗೆ ಹೋಗಿ 10 ಪೌಂಡ್ ಚಿನ್ನದ ನಾಣ್ಯ, ಉಳಿದದ್ದಕ್ಕೆ ಚೆಕ್ ತಂದ. ಚೆಕ್ ಮೇಲೆ ಇದ್ದದ್ದು ಒಬ್ಬ ಗಣ್ಯನ ಸಹಿ. ಯಾರದು? ಆ ಹೆಸರು ಹೇಳಲಾರೆ ಅನ್ನುತ್ತಾನೆ ಎನ್‌ಫೀಲ್ಡ್. ಕಥೆಯ ಮುಖ್ಯ ಅಂಶವನ್ನೇ ಕಥೆಗಾರ ತಡೆಹಿಡಿದ. ಅಟರ್ಸನ್‌ಗೆ ಆ ಹೆಸರು ಆಗಲೇ ಗೊತ್ತು. ಹೈಡ್‌ಗೆ ಎಲ್ಲ ಸೇರಬೇಕು ಅನ್ನುವ ಜೆಕಿಲ್‌ನ ಉಯಿಲು ಅವನ ತಿಜೋರಿಯಲ್ಲೇ ಇದೆ. ನಮಗೆ ಮಾತ್ರ ಮುಂದಿನ ಅಧ್ಯಾಯದವರೆಗೆ ಯಾರೂ ಹೇಳುವುದಿಲ್ಲ.

ಇನ್ನು ರಚನೆ. ಇದೇ ಘಟನೆ ಹತ್ತನೆಯ ಅಧ್ಯಾಯದಲ್ಲಿ ಜೆಕಿಲ್ ಬಾಯಿಂದ ಮತ್ತೆ ಬರುತ್ತದೆ. ಮೊದಲ ಅಧ್ಯಾಯದಲ್ಲಿ ಪುಟಗಟ್ಟಲೆ ತುಂಬಿದ್ದು ಅಲ್ಲಿ ಕೆಲವೇ ಸಾಲು. ಮಗುವಿಗೆ ಮಾಡಿದ ಒಂದು ಕ್ರೌರ್ಯದಿಂದ ದಾರಿಹೋಕನೊಬ್ಬನ ಕೋಪ ನನ್ನ ಮೇಲೆ ಎದ್ದಿತು, ಆತ ನಿನ್ನ ಬಂಧು ಅಂತ ಮೊನ್ನೆ ಗುರುತು ಹಿಡಿದೆ ಅಂತ ಅಟರ್ಸನ್‌ಗೆ ಬರೆಯುತ್ತಾನೆ. ಹುಡುಗಿಯ ಚೀರಾಟ ಎಲ್ಲಿ? ಇಲ್ಲ. ಶಾಂತವಾಗಿ ತುಳಿದ ಕಾಲು ಎಲ್ಲಿ? ಇಲ್ಲ. ಜೆಕಿಲ್‌ಗೆ ಆ ರಾತ್ರಿಯ ಚಿಂತೆ ಒಂದೇ, ಸಿಕ್ಕಿಬೀಳುವ ಹಾಗಾಯಿತಲ್ಲ ಅನ್ನುವುದು. ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸುವ ಸಾಲು ಇದೇ. ಹೈಡ್ ತುಳಿದದ್ದಕ್ಕಿಂತ ಜೆಕಿಲ್ ಅದನ್ನು ಇಷ್ಟು ಚಿಕ್ಕದಾಗಿ ಬರೆದದ್ದು ಭಯಂಕರ. ಆದರೆ ಅದು ಭಯಂಕರ ಅನ್ನಿಸಬೇಕಾದರೆ ಮೊದಲ ಅಧ್ಯಾಯದ ವಿವರ ನಮ್ಮ ನೆನಪಿನಲ್ಲಿರಬೇಕು. ಅದಕ್ಕಾಗಿಯೇ ಕಥೆ ಆ ಕ್ರಮದಲ್ಲಿದೆ.

ಸರ್ ಡ್ಯಾನ್ವರ್ಸ್ ಕ್ಯಾರ್ಯೂ ಕೊಲೆಯಲ್ಲಿ ಇದು ತಿರುಗುಮುರುಗು. ಮೊದಲು ಅದನ್ನು ನೋಡುವವಳು ಮಹಡಿಯ ಕಿಟಕಿಯಲ್ಲಿ ಕೂತ ಮನೆಗೆಲಸದ ಹುಡುಗಿ. ಹುಣ್ಣಿಮೆಯ ಬೆಳಕು, ಬಿಳಿಗೂದಲಿನ ಚೆಂದದ ಮುದುಕ, ಅವನ ವಿನಯ. ವಾಕ್ಯಗಳು ನಿಧಾನವಾಗಿ ಹೋಗುತ್ತಿರುತ್ತವೆ. ಇದ್ದಕ್ಕಿದ್ದಂತೆ ಕೋಲಿನ ಏಟು, ಮೂಳೆ ಮುರಿಯುವ ಸದ್ದು. ಹುಡುಗಿ ಮೂರ್ಛೆ ಹೋಗುತ್ತಾಳೆ, ಕಥೆಯೂ ಅಲ್ಲೇ ಕಣ್ಣು ಮುಚ್ಚುತ್ತದೆ. ಕೊನೆಯ ಅಧ್ಯಾಯದಲ್ಲಿ ಅದೇ ಏಟುಗಳನ್ನು ಹೊಡೆದವನ ಒಳಗಿನಿಂದ ನೋಡುತ್ತೇವೆ. ಪ್ರತಿ ಏಟಿನಲ್ಲೂ ಸುಖ ಸವಿದೆ ಅನ್ನುತ್ತಾನೆ. ಅಲ್ಲಿ ಅವನು ಬಳಸುವುದು 'ನಾನು' ಅನ್ನುವ ಪದ.

ಲಕೋಟೆಯೊಳಗೆ ಲಕೋಟೆ

'ಸ್ಟ್ರೇಂಜ್ ಕೇಸ್ ಆಫ್ ಡಾಕ್ಟರ್ ಜೆಕಿಲ್ ಆ್ಯಂಡ್ ಮಿಸ್ಟರ್ ಹೈಡ್' ಅನ್ನುವ ಪೂರ್ತಿ ಶೀರ್ಷಿಕೆಯಲ್ಲೇ ಇದು ಒಂದು 'ಕೇಸು'. ವಕೀಲರ ಕೇಸೂ ಹೌದು, ಡಾಕ್ಟರ ಕೇಸೂ ಹೌದು. ಹಾಗಾಗಿ ಪುಸ್ತಕದ ತುಂಬಾ ಕಾಗದಪತ್ರ. ಜೆಕಿಲ್ ತನ್ನ ಕೈಯಾರೆ ಬರೆದ ಉಯಿಲು, ಅವನು ಸತ್ತರೆ ಅಥವಾ ಮೂರು ತಿಂಗಳಿಗಿಂತ ಹೆಚ್ಚು ಕಾಣೆಯಾದರೆ ಎಲ್ಲವೂ ಹೈಡ್‌ಗೆ. ಆ ಚೆಕ್. ಹೈಡ್ ಬರೆದ ಅಂತ ಜೆಕಿಲ್ ಕೊಟ್ಟ ಪತ್ರ. ಅಕ್ಷರ ಬಲ್ಲ ಗುಮಾಸ್ತ ಗೆಸ್ಟ್ ಅದನ್ನು ಜೆಕಿಲ್ ಬರಹದ ಪಕ್ಕ ಇಟ್ಟು ನೋಡಿ, ಎರಡೂ ಹಲವು ಕಡೆ ಒಂದೇ, ವಾಲಿರುವ ರೀತಿ ಮಾತ್ರ ಬೇರೆ ಅನ್ನುತ್ತಾನೆ. ಸತ್ಯ ಮೇಜಿನ ಮೇಲೇ ಇದೆ. ಅಟರ್ಸನ್ ಏನು ಮಾಡುತ್ತಾನೆ? ಈ ಮಾತು ಯಾರಿಗೂ ಹೇಳಬೇಡ ಅನ್ನುತ್ತಾನೆ, ಪತ್ರವನ್ನು ತಿಜೋರಿಯಲ್ಲಿ ಬೀಗ ಹಾಕಿ ಇಡುತ್ತಾನೆ. ಗೆಳೆಯ ಕೊಲೆಗಾರನಿಗಾಗಿ ಪತ್ರ ಸೃಷ್ಟಿಸಿದ ಅಂತ ಅವನ ರಕ್ತ ತಣ್ಣಗಾಗಿದೆ.

ಆರನೆಯ ಅಧ್ಯಾಯ ನನಗೆ ಇನ್ನೂ ಇಷ್ಟ. ಜೆಕಿಲ್ ಮತ್ತು ಅಟರ್ಸನ್ ಇಬ್ಬರಿಗೂ ಹಳೇ ಗೆಳೆಯನಾದ ಡಾಕ್ಟರ್ ಲ್ಯಾನಿಯನ್ ಏನನ್ನೋ ಕಂಡು, ಆ ಆಘಾತದಿಂದಲೇ ಸಾಯುತ್ತಾನೆ. ಅಟರ್ಸನ್‌ಗೆ ಒಂದು ಲಕೋಟೆ ಬಿಟ್ಟು ಹೋಗುತ್ತಾನೆ. ಒಡೆದರೆ ಒಳಗೆ ಸೀಲು ಹಾಕಿದ ಇನ್ನೊಂದು ಲಕೋಟೆ: ಹೆನ್ರಿ ಜೆಕಿಲ್ ಸಾಯುವವರೆಗೆ ಅಥವಾ ಕಾಣೆಯಾಗುವವರೆಗೆ ತೆರೆಯಬಾರದು. ಅದನ್ನು ತೆರೆದರೆ ಕಥೆ ಅಲ್ಲೇ ಮುಗಿಯುತ್ತದೆ. ಅಟರ್ಸನ್‌ಗೆ ಆಸೆ ಎಷ್ಟೆಂದರೆ ಕೈ ತುರಿಸುತ್ತದೆ. ಆದರೂ ವೃತ್ತಿಯ ಮರ್ಯಾದೆ, ಸತ್ತ ಗೆಳೆಯನ ಮೇಲಿನ ನಿಷ್ಠೆ ಅವನನ್ನು ತಡೆಯುತ್ತವೆ. ಸಾಮಾನ್ಯವಾಗಿ ರಹಸ್ಯದ ಕಥೆಗಳಲ್ಲಿ ಲೇಖಕ ಬೇಕೆಂದೇ ತಡ ಮಾಡಿದ್ದು ಎದ್ದು ಕಾಣುತ್ತದೆ. ಇಲ್ಲಿ ತಡವಾಗುವುದು ಆ ಮನುಷ್ಯ ಒಳ್ಳೆಯವನಾದ್ದರಿಂದ. ಅವನ ಸಭ್ಯತೆಯೇ ಹೈಡ್‌ಗೆ ಇನ್ನಷ್ಟು ದಿನ ಕೊಡುತ್ತದೆ.

ಕೊನೆಯ ಎರಡು ಅಧ್ಯಾಯಗಳು ಲ್ಯಾನಿಯನ್‌ನ ಆ ಲಕೋಟೆಯೊಳಗಿನ ಬರಹ ಮತ್ತು ಜೆಕಿಲ್ ಸೀಲು ಹಾಕಿ ಬಿಟ್ಟುಹೋದ ಕಟ್ಟಿನೊಳಗಿನ ಬರಹ. ಕಾಲ ಹಿಂದಕ್ಕೆ ತಿರುಗುತ್ತದೆ, ದನಿ 'ನಾನು' ಆಗುತ್ತದೆ. ಈಗಲಾದರೂ ಎಲ್ಲ ಹೊರಬರುತ್ತದೆ ಅಂದುಕೊಳ್ಳುತ್ತೇವೆ. ಲ್ಯಾನಿಯನ್ ಕಂಡದ್ದನ್ನು ಬರೆಯುತ್ತಾನೆ, ಆಮೇಲೆ ಒಂದು ಗಂಟೆ ಜೆಕಿಲ್ ಹೇಳಿದ್ದನ್ನು ಕಾಗದದ ಮೇಲೆ ಇಡಲಾರೆ ಅನ್ನುತ್ತಾನೆ. ಜೆಕಿಲ್‌ನ ಅಧ್ಯಾಯದ ಹೆಸರು 'ಪೂರ್ಣ ಹೇಳಿಕೆ'. ಆದರೆ ಹೈಡ್ ವೇಷದಲ್ಲಿ ಅವನು ಗುಟ್ಟಾಗಿ ಹುಡುಕಲು ಶುರುಮಾಡಿದ ಸುಖ ಯಾವುದು? ಗೌರವಕ್ಕೆ ತಕ್ಕದ್ದಲ್ಲ, ಅದಕ್ಕಿಂತ ಕಟುವಾದ ಮಾತು ಆಡುವುದಿಲ್ಲ ಅನ್ನುತ್ತಾನೆ. ಅಷ್ಟೇ. ಸಾಯುವ ಮುಂಚೆಯೂ ಅವನು ಮರ್ಯಾದಸ್ಥನಾಗಿಯೇ ಉಳಿಯಲು ನೋಡುತ್ತಾನೆ.

ಆ ಹೇಳಿಕೆಯಲ್ಲಿ ಸರ್ವನಾಮಗಳ ಮೇಲೆ ಬೆರಳಿಟ್ಟು ಓದಿ. ಸುಖ ಪಟ್ಟಾಗ 'ನಾನು'. ತಪ್ಪಿನ ಮಾತು ಬಂದಾಗ 'ಹೈಡ್'. ತಪ್ಪಿತಸ್ಥ ಹೈಡ್ ಒಬ್ಬನೇ ಅನ್ನುತ್ತಾನೆ. ಜೆಕಿಲ್ ಕೂಡ ಒಮ್ಮೊಮ್ಮೆ ದೂರದವನಾಗುತ್ತಾನೆ, ಹೆನ್ರಿ ಜೆಕಿಲ್ ಬೆಚ್ಚಿ ನಿಂತ ಅಂತ ಬರೆಯುತ್ತಾನೆ. ಒಂದು ಕಡೆ ಹೈಡ್ ಬಗ್ಗೆ ಬರೆಯುತ್ತಾ, ಅವನು ಅನ್ನುತ್ತೇನೆ, ನಾನು ಅನ್ನಲಾರೆ ಅನ್ನುತ್ತಾನೆ. ಕಟ್ಟಕಡೆಯ ವಾಕ್ಯದಲ್ಲಿ 'ನಾನು' ಆ ನತದೃಷ್ಟ ಹೆನ್ರಿ ಜೆಕಿಲ್‌ನ ಬದುಕನ್ನು ಮುಗಿಸುತ್ತೇನೆ ಅಂತ ಬರುತ್ತದೆ. ಹಾಗಾದರೆ ಆ ನಾನು ಯಾರು? ವ್ಯಾಕರಣದಲ್ಲೇ ಮನುಷ್ಯ ಒಡೆದುಹೋಗಿದ್ದಾನೆ.

ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಎಂಟನೆಯ ಅಧ್ಯಾಯದ ಕೊನೆಯಲ್ಲಿ ಅಟರ್ಸನ್ ಈ ಕಾಗದಗಳನ್ನು ಓದಲು ಆಫೀಸಿಗೆ ಹೊರಟಿದ್ದ. ನಡುರಾತ್ರಿಯೊಳಗೆ ವಾಪಸ್ ಬರುತ್ತೇನೆ, ಆಮೇಲೆ ಪೊಲೀಸರಿಗೆ ಹೇಳಿಕಳಿಸೋಣ ಅಂದಿದ್ದ. ಅವನು ಬಂದನೇ? ಹೇಳಿದನೇ, ಅಥವಾ ಈ ಕಾಗದಗಳೂ ತಿಜೋರಿ ಸೇರಿದವೇ? ಕಥೆ ಅವನ ಹತ್ತಿರ ಮರಳುವುದೇ ಇಲ್ಲ. ಆ ಬಾಗಿಲನ್ನು ಮುಚ್ಚದೆ ಬಿಟ್ಟದ್ದು ಸ್ಟೀವನ್ಸನ್ ಮಾಡಿದ ಅತ್ಯಂತ ಧೈರ್ಯದ ಆಯ್ಕೆ ಅಂತ ನನಗೆ ಅನ್ನಿಸುತ್ತದೆ.

ಇದೇ ಕಥೆ 1887ರಲ್ಲಿ ಬಾಸ್ಟನ್ನಿನಲ್ಲಿ ನಾಟಕವಾಯಿತು, 1888ರಲ್ಲಿ ಲಂಡನ್ನಿಗೂ ಬಂತು. ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನಟ ಜನರ ಕಣ್ಣೆದುರೇ ಜೆಕಿಲ್‌ನಿಂದ ಹೈಡ್ ಆಗುತ್ತಿದ್ದ. ಜೆಕಿಲ್‌ಗೆ ಒಬ್ಬ ಪ್ರೇಯಸಿಯನ್ನೂ ಸೇರಿಸಿದರು. ಆಮೇಲೆ ಬಂದ ಸಿನಿಮಾಗಳಲ್ಲಿ ಹೆಚ್ಚಿನವು ಕಥೆಯನ್ನು ಜೆಕಿಲ್ ಕಡೆಯಿಂದ, ಮೊದಲಿನಿಂದ ಕೊನೆಗೆ ನೇರವಾಗಿ ಹೇಳಿದವು. ಗುಟ್ಟು ಎಲ್ಲರಿಗೂ ಗೊತ್ತಾದದ್ದು ಹಾಗೆ. ಆ ಕಥೆಗಳಲ್ಲಿ ಅಟರ್ಸನ್ ಮೂಲೆಗೆ ಸರಿದ, ಕೆಲವು ಕಡೆ ಕಾಣೆಯೇ ಆದ. ಅವನ ಜೊತೆಗೆ ಲಕೋಟೆಗಳೂ ಹೋದವು, ಕೈ ಕುಲುಕಿ ಸುಮ್ಮನಾದ ಒಪ್ಪಂದವೂ ಹೋಯಿತು.

ಪುಸ್ತಕ ಈಗ ಓದುವವರು ಒಂದು ಕೆಲಸ ಮಾಡಬಹುದು. ಮೊದಲ ಸಲ ಓದುವಾಗ ಪ್ರತಿ ಅಧ್ಯಾಯದ ಕೊನೆಗೆ ಎರಡು ಸಾಲು ಬರೆದುಕೊಳ್ಳಿ: ಅಟರ್ಸನ್‌ಗೆ ಈಗ ಗೊತ್ತಿರುವುದೇನು, ಅವನು ಕೇಳದೆ ಬಿಟ್ಟದ್ದೇನು. ಎರಡನೇ ಸಲ ಹತ್ತನೆಯ ಅಧ್ಯಾಯದಿಂದ ಶುರುಮಾಡಿ. ಅದರಲ್ಲಿ ಜೆಕಿಲ್ ಒಂದೊಂದು ಘಟನೆ ಹೇಳಿದಾಗಲೂ ನಿಲ್ಲಿಸಿ, ಒಂದನೆಯ ಅಧ್ಯಾಯಕ್ಕೆ, ನಾಲ್ಕನೆಯದಕ್ಕೆ, ಒಂಬತ್ತನೆಯದಕ್ಕೆ ಹೋಗಿ ಅದನ್ನು ಹೊರಗಿನವರು ಹೇಗೆ ಕಂಡಿದ್ದರು ಅಂ‍ತ ಓದಿ ಬನ್ನಿ. ಏಳನೆಯ ಅಧ್ಯಾಯವನ್ನೂ ಬಿಡಬೇಡಿ. ಎರಡು ಮೂರು ಪುಟದಷ್ಟೇ ಇದೆ. ಕಿಟಕಿಯಲ್ಲಿ ಕೂತ ಜೆಕಿಲ್ ಮುಗುಳ್ನಗುತ್ತಾ ಒಂದು ಮಾತು ಆಡಿದವನು ತಟ್ಟನೆ ಮುಖ ಬದಲಾಗಿ ಕಿಟಕಿ ಮುಚ್ಚಿಕೊಳ್ಳುತ್ತಾನೆ. ಕೆಳಗೆ ನಿಂತಿದ್ದ ಅಟರ್ಸನ್ ಮತ್ತು ಎನ್‌ಫೀಲ್ಡ್ ಏನು ಮಾತಾಡಿಕೊಂಡರು, ಎಷ್ಟು ಮಾತಾಡಿಕೊಂಡರು ಅಂತ ಎಣಿಸಿ ನೋಡಿ.